ಅತ್ತೆ ಬೇಡ ಅನ್ನೋ ಅಮಾವಾಸ್ಯೆನೇ ಬೇಕಾ?

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಡಿಸೆಂಬರ್ ರಜೆಗೆ ಕೆರಿಬಿಯನ್ ಕಡಲಲ್ಲಿರೋ ಅಮೆರಿಕದ್ದೇ ದ್ವೀಪ ಪೋರ್ಟೊರಿಕೊಗೆ ಹೋಗ್ತಿದೀವಿ. ಅಲ್ಲಿ ರಾತ್ರಿ ಕಯಾಕ್‌ನಲ್ಲಿ ಹೋದ್ರೆ ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಹೊಳೆಯುತ್ತಂತೆ. ಟೂರ್‌ನವರು ಅಮಾವಾಸ್ಯೆ ಹತ್ರ ಬನ್ನಿ ಅಂತಾರೆ, ದಾವಣಗೆರೆಯಿಂದ ಬಂದಿರೋ ನಮ್ಮತ್ತೆ ಅಮಾವಾಸ್ಯೆ ರಾತ್ರಿ ಮಗೂನ ಕರ್ಕೊಂಡು ನೀರಿಗೆ ಹೋಗ್ತೀರಾ ಅಂತ ಮುಖ ಊದಿಸ್ಕೊಂಡಿದ್ದಾರೆ. ನಂಗೆ ಈಜು ಬೇರೆ ಬರಲ್ಲ. ಫೋಟೋದಲ್ಲಿರೋ ಹಾಗೇ ಕಾಣುತ್ತಾ?

ಉತ್ತರ: ಫೋಟೋ ಥರ ಕಾಣಲ್ಲ, ಮೊದಲೇ ಹೇಳ್ಬಿಡ್ತೀನಿ. ಆ ಕಡುನೀಲಿ ಎಲ್ಲ ಕ್ಯಾಮೆರಾ ಶಟರ್ ತುಂಬ ಹೊತ್ತು ತೆರೆದಿಟ್ಟು ತೆಗೆದದ್ದು. ಬರಿಗಣ್ಣಿಗೆ ಕಾಣೋದು ನೀಲಿ ಬೆರೆತ ಬಿಳಿ ಹೊಗೆ ಥರ, ಮಧ್ಯೆ ಮಧ್ಯೆ ಕಿಡಿ, ಮೀನು ಓಡಿದ್ರೆ ಒಂದು ಗೆರೆ. ಆದ್ರೂ ಚೆಂದ. ಹುಟ್ಟಿಂದ ತೊಟ್ಟಿಕ್ಕೋ ನೀರು ಕೆಳಗೆ ಬಿದ್ದಲ್ಲೆಲ್ಲ ಚುಕ್ಕಿ ಚುಕ್ಕಿ ಹೊತ್ಕೊಳ್ಳುತ್ತೆ ನೋಡಿ, ಅದಕ್ಕೇ ಹೋಗಬೇಕು. ಫೋನ್ ಒಳಗಿಡಿ, ಕಣ್ಣು ಕತ್ತಲಿಗೆ ಒಗ್ಗೋಕೇ ಇಪ್ಪತ್ತು ನಿಮಿಷ ಬೇಕು, ಒಬ್ಬರು ಸ್ಕ್ರೀನ್ ಆನ್ ಮಾಡಿದ್ರೆ ಸುತ್ತಮುತ್ತ ಎಲ್ಲರಿಗೂ ಹೋಯ್ತು.

ಹೊಳೆಯೋದು ಪೈರೋಡಿನಿಯಂ ಅನ್ನೋ ಒಂದೇ ಜೀವಕೋಶದ ಜೀವಿ, ನೀರು ಅಲುಗಿದ್ರೆ ಸೆಕೆಂಡಿನ ಹತ್ತನೇ ಒಂದು ಭಾಗ ಮಿಂಚಿ ಆರಿಹೋಗುತ್ತೆ. ಅಷ್ಟು ಮಂದ ಬೆಳಕಿಗೆ ಚಂದ್ರನೇ ಶತ್ರು. ನಾನು ಪಂಚಾಂಗ ನೋಡದೆ ಶುಕ್ಲ ದಶಮಿ ದಿನ ಅಲ್ಲಿನ ಫಹಾರ್ಡೋ ಅನ್ನೋ ಊರಿಗೆ ಹೋಗಿ ಎರಡು ಗಂಟೆ ಹುಟ್ಟು ಹಾಕಿ ಬೆಳದಿಂಗಳು ನೋಡ್ಕೊಂಡು ಬಂದವನು.

ಇನ್ನು ಅತ್ತೆ ವಿಷಯ. ಜಗಳ ಬೇಡ, ಅಮಾವಾಸ್ಯೆನೇ ಆಗಬೇಕು ಅಂತಿಲ್ಲ. ಸಂಕಷ್ಟಿ ದಿನ ಚಂದ್ರ ಎಷ್ಟೊತ್ತಿಗೆ ಹುಟ್ತಾನೆ ಅಂತ ಅವರನ್ನೇ ಕೇಳಿ, ಉಪವಾಸ ಮಾಡೋರಿಗೆ ಗೊತ್ತಿರುತ್ತೆ, ಹೆಚ್ಚುಕಮ್ಮಿ ರಾತ್ರಿ ಒಂಬತ್ತು, ಆಮೇಲೆ ದಿನದಿನಕ್ಕೆ ಇನ್ನೂ ತಡ. ಪೋರ್ಟೊರಿಕೊದಲ್ಲಿ ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗ್ತಾನೆ, ಅಂದ್ರೆ ಸಂಕಷ್ಟಿ ಆದ್ಮೇಲೆ ಅಮಾವಾಸ್ಯೆವರೆಗೂ ಸಂಜೆಯ ಮೊದಲ ಟೂರ್‌ಗೆ ಪೂರ್ತಿ ಕತ್ತಲು ಸಿಗುತ್ತೆ! ಷಷ್ಠಿನೋ ಸಪ್ತಮಿನೋ ಬುಕ್ ಮಾಡಿ, ಅತ್ತೆ ಮಾತೂ ನಡೀತು.

ಜಾಗ ಯಾವುದು ಅಂದ್ರೆ, ವಿಯೇಕೆಸ್ ದ್ವೀಪದ ಮಸ್ಕಿಟೋ ಬೇ ಜಗತ್ತಲ್ಲೇ ಅತಿ ಪ್ರಕಾಶದ ಕೊಲ್ಲಿ ಅಂತ ಗಿನ್ನೆಸ್ ದಾಖಲೆ ಪಡೆದಿದ್ದು, 2017ರ ಮರಿಯಾ ಚಂಡಮಾರುತ ಆದ್ಮೇಲೆ ತಿಂಗಳುಗಟ್ಟಲೆ ಕತ್ತಲಾಗಿತ್ತು, ಆಮೇಲೆ ಮತ್ತೆ ಬೆಳಗಿತು. ಆದ್ರೆ ಸೇಯ್ಬಾ ಅನ್ನೋ ಊರಿಂದ ಫೆರಿ ಹಿಡೀಬೇಕು, ರಾತ್ರಿ ಅಲ್ಲೇ ಉಳ್ಕೋಬೇಕು. ಮಗು ಅತ್ತೆ ಎಲ್ಲ ಇರೋದ್ರಿಂದ ನಿಮಗೆ ಫಹಾರ್ಡೋನೇ ಸರಿ, ರಾಜಧಾನಿ ಸ್ಯಾನ್ ವಾನ್‌ನಿಂದ ಕಾರಲ್ಲಿ ಸುಮಾರು ಒಂದು ಗಂಟೆ. ಕಯಾಕ್ ಬೇಡ ಅನ್ನೋರಿಗೆ ಎಲೆಕ್ಟ್ರಿಕ್ ಬೋಟೂ ಇದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮಧ್ಯೆ ಸಣ್ಣ ಕಾಲುವೆ, ಹೋಗೋ ಕಯಾಕು ಬರೋ ಕಯಾಕು ಡಿಕ್ಕಿ ಹೊಡ್ಕೊಂಡು ಸಿಲ್ಕ್ ಬೋರ್ಡ್ ನೆನಪಾಗುತ್ತೆ. ಈಜು ಬರದಿದ್ರೂ ನಡಿಯುತ್ತೆ, ಲೈಫ್ ಜಾಕೆಟ್ ಹಾಕ್ತಾರೆ, ಇಬ್ಬರು ಕೂರೋ ಕಯಾಕ್, ನೀರಿಗಿಳಿದು ಈಜೋದು ಎರಡೂ ಕಡೆ ನಿಷೇಧ. ಮಗು ವಯಸ್ಸಿಗೆ ಟೂರ್‌ನವರ ನಿಯಮ ಕೇಳ್ಕೊಳ್ಳಿ. ಸೊಳ್ಳೆ ಕ್ರೀಮು, ಸನ್‌ಸ್ಕ್ರೀನ್ ಬಳ್ಕೊಂಡು ಹೋಗ್ಬೇಡಿ, ಆ ಜೀವಿಗಳಿಗೆ ವಿಷ, ತುಂಬುತೋಳಿನ ಅಂಗಿ ಸಾಕು. ದೇಶದ ಒಳಗಿನ ವಿಮಾನವೇ ಆದ್ರೂ ಪಾಸ್‌ಪೋರ್ಟು, ವೀಸಾ ಕಾಗದ ಕೈಲಿರಲಿ.

ಪ್ರಶ್ನೆ: 2020ರಲ್ಲಿ ನಮ್ಮ ಮಲ್ಪೆ ಕಡೆ ಕಡಲೂ ರಾತ್ರಿ ನೀಲಿಯಾಗಿ ಹೊಳೆದಿತ್ತಲ್ಲ, ಅದೂ ಇದೇನಾ? (ಕುಂದಾಪುರದ ಓದುಗರು)

ಉತ್ತರ: ಅಲ್ಲ, ಅದು ನಾಕ್ಟಿಲುಕ ಅನ್ನೋ ಬೇರೆ ಜೀವಿ. ಹಗಲಲ್ಲಿ ನೀರು ಹಸಿರಾಗಿ ಕಾಣುತ್ತೆ, ರಾತ್ರಿ ಅಲೆ ಒಡೆದಲ್ಲಿ ಹೊಳೆಯುತ್ತೆ, ಬಂದ ಹಾಗೇ ಹೋಗುತ್ತೆ. ಪೋರ್ಟೊರಿಕೊದಲ್ಲಿ ಕೊಲ್ಲಿ ಬಾಯಿ ಕಿರಿದು, ಒಳಗಿರೋದು ಹೊರಗೆ ಕೊಚ್ಚಿ ಹೋಗಲ್ಲ, ಕಾಂಡ್ಲಾ ಎಲೆ ಕೊಳೆತು ಊಟಾನೂ ಸಿಗುತ್ತೆ, ಹಾಗಾಗಿ ವರ್ಷವಿಡೀ ಇರುತ್ತೆ. ನಮ್ಮದು ನೋಡೋಕೆ ಚೆಂದ, ಆದ್ರೆ ಜಾಸ್ತಿ ಆದಲ್ಲಿ ಮೀನು ದೂರ ಹೋಗುತ್ತೆ, ಬಲೆ ಹಾಕೋರಿಗೆ ಅದೇನೂ ಖುಷಿ ವಿಷಯ ಅಲ್ಲ.