ಕಾರಿನ ಸ್ಕ್ಯಾನರಿನಲ್ಲಿ ಪಿ0171 ಕೋಡ್ ಬಂತು ಅಂದರೆ ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕಾ?

ಸೆನ್ಸರ್ ಸದ್ಯಕ್ಕೆ ಕೊಳ್ಳಬೇಡಿ. ಬುಧವಾರ ಹುಬ್ಬಳ್ಳಿಗೆ ಹೋಗಬಹುದು, ಆದರೆ ಒಂದು ಷರತ್ತು ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನೀವು ಬರೆದದ್ದನ್ನು ಒಮ್ಮೆ ಒಟ್ಟು ಮಾಡುತ್ತೇನೆ, ತಪ್ಪಿದ್ದರೆ ತಿದ್ದಿ. ಅಂಕೋಲೆಯಲ್ಲಿ ಮನೆ. 2015ರ ಪೆಟ್ರೋಲ್ ಕಾರು, ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲಿ ಮ್ಯಾಫ್ ಸೆನ್ಸರ್ (ಒಳಗೆ ಹೋಗುವ ಗಾಳಿ ಅಳೆಯುವುದು) ಇದೆ. ಚೆಕ್ ಇಂಜಿನ್ ದೀಪ ಹತ್ತಿದೆ, ಮಿಣುಕುತ್ತಿಲ್ಲ. ಗಾಡಿ ನಿಂತಾಗ ಇಂಜಿನ್ ಸ್ವಲ್ಪ ನಡುಗುತ್ತದೆ. ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ತರಿಸಿ ನೋಡಿದಿರಿ, ಪಿ0171 ಬಂತು. ಅಳಿಸಿದಿರಿ, ಮೂರನೇ ದಿನ ಮತ್ತೆ ಬಂತು. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸೋಣ ಎಂದರು. ಬುಧವಾರ ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿಗೆ ಹೋಗಬೇಕು.

ನಾನು ಮೆಕ್ಯಾನಿಕ್ ಅಲ್ಲ. ಊರು ಸಿರ್ಸಿ ಕಡೆ, ಈಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಹಳೇ ಕಾರು ಇಟ್ಟುಕೊಂಡು ತಿಂಗಳಿಗೆರಡು ಸಲ ದೇವಿಮನೆ ಘಾಟಿ ಹತ್ತಿ ಇಳಿಯುವವನು. ಹಾಗಾಗಿ ಇಷ್ಟು ಕಲಿಯಬೇಕಾಯಿತು. ಪುಕ್ಕಟೆ ಏನೂ ಕಲಿತಿಲ್ಲ, ದುಡ್ಡು ಕಳೆದುಕೊಂಡೇ ಕಲಿತದ್ದು.

ಕಳೆದುಕೊಂಡದ್ದು ಹೀಗೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಊರಿಗೆ ಹೋಗಿ ದೊಡ್ಡಪ್ಪನ ಮನೆ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸಿದ್ದೆ. ಒಂದು ವಾರ ಮುಟ್ಟಲಿಲ್ಲ. ವಾಪಸ್ ಹೊರಟ ಮರುದಿನವೇ ದೀಪ ಹತ್ತಿತು. ಸ್ಕ್ಯಾನರ್ ಹಾಕಿದರೆ ಪಿ0135. ಅಂದರೆ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ನಾನು ಆ ಸಾಲಿನಲ್ಲಿ 'ಆಕ್ಸಿಜನ್ ಸೆನ್ಸರ್' ಎಂಬಷ್ಟನ್ನೇ ಓದಿದೆ. 'ಸರ್ಕ್ಯೂಟ್' ಎಂಬ ಶಬ್ದ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗ್ಯಾರೇಜಿಗೆ ಹೋಗಿ ನಾನೇ ಹೇಳಿ ಹೊಸ ಸೆನ್ಸರ್ ಹಾಕಿಸಿದೆ. ಎರಡು ದಿನ ಸುಖವಾಗಿತ್ತು. ಮೂರನೇ ದಿನ ಅದೇ ದೀಪ, ಅದೇ ಕೋಡ್.

ಆಮೇಲೆ ಕುಮಟೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹಳೇ ಸೆನ್ಸರ್ ತರಿಸಿ ಅದರ ಹೀಟರಿಗೆ ಮೀಟರ್ ಹಿಡಿದರು. ಆರು ಓಮ್ ಬಂತು, ಅಂದರೆ ಹೀಟರ್ ಸರಿಯಾಗಿಯೇ ಇತ್ತು. ಫ್ಯೂಸ್ ನೋಡಿದರು, ಅದೂ ಸರಿ. ಕಾರಿನ ಕಡೆಯ ಕನೆಕ್ಟರಿಗೆ 12 ವೋಲ್ಟ್ ಬರಬೇಕಿತ್ತು, ಬರುತ್ತಿರಲಿಲ್ಲ. ವೈರಿನ ಗುಂಟ ಕೈ ಆಡಿಸುತ್ತಾ ಹೋದರು. ಇಂಜಿನ್ನಿನ ಹಿಂದಿನ ಗೋಡೆಯ ಹತ್ತಿರ ಇಲಿ ಕಡಿದು ಎರಡು ತುಂಡು ಮಾಡಿತ್ತು. 'ತಮ್ಮಾ, ಇಲಿ ತಿಂದದ್ದು ನಾಲ್ಕಾಣೆ ವೈರು, ನೀನು ಕೊಟ್ಟದ್ದೆಷ್ಟು?' ಎಂದು ಕೇಳಿದರು. ನಾನು ಮೊತ್ತ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ನಮ್ಮೂರಲ್ಲಿ ರಾತ್ರಿ ನಾಯಿ ಬೊಗಳಿದರೆ ತೋಟದಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ. ಹಂದಿ ಬಂದಿದೆಯೋ, ಮುಳ್ಳುಹಂದಿಯೋ, ಪಕ್ಕದ ಮನೆಯವರು ನೀರು ತಿರುಗಿಸಲು ಬಂದಿದ್ದಾರೋ, ಅದನ್ನು ನಾಯಿ ಹೇಳುವುದಿಲ್ಲ. ಲೈಟು ಹಿಡಿದು ನಾವೇ ಹೋಗಿ ನೋಡಬೇಕು. ಸ್ಕ್ಯಾನರಿನ ಕೋಡೂ ಅಷ್ಟೇ. ಯಾವ ದಿಕ್ಕಿನಲ್ಲಿ ನೋಡಬೇಕು ಎಂಬಷ್ಟನ್ನು ಹೇಳುತ್ತದೆ.

ಈಗ ನಿಮ್ಮ ಪಿ0171. ಮೊದಲ ಅಕ್ಷರ 'ಪಿ' ಅಂದರೆ ಇಂಜಿನ್ ಮತ್ತು ಗೇರ್ ಕಡೆಯ ವಿಷಯ. ನಂತರದ ಸೊನ್ನೆ ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. ಅಲ್ಲಿ 1 ಇದ್ದರೆ ಅದು ಆ ಕಂಪನಿಯ ಸ್ವಂತ ಕೋಡ್, ಕಂಡಕಂಡ ಪಟ್ಟಿ ನೋಡಿ ಅರ್ಥ ಹಚ್ಚಬಾರದು. ಪಿ0171 ಅಂದರೆ ಮಿಶ್ರಣ ತೆಳುವಾಗಿದೆ, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಇದನ್ನು ಕಾರು ಕಂಡುಹಿಡಿಯುವ ರೀತಿ ಗೊತ್ತಾದರೆ ಉಳಿದದ್ದು ಸುಲಭ. ಪೆಟ್ರೋಲ್ ಇಂಜಿನ್ನಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಒಳಗೆ ಎಷ್ಟು ಗಾಳಿ ಹೋಯಿತು ಎಂದು ಮ್ಯಾಫ್ ಸೆನ್ಸರ್ ಅಳೆದು ಹೇಳುತ್ತದೆ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಸುಟ್ಟಾದ ಮೇಲೆ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಆಕ್ಸಿಜನ್ ಸೆನ್ಸರ್ ನೋಡುತ್ತದೆ. ಜಾಸ್ತಿ ಉಳಿದಿದ್ದರೆ ಇಸಿಯು ಪೆಟ್ರೋಲ್ ಸ್ವಲ್ಪ ಏರಿಸುತ್ತದೆ. ಹೀಗೆ ಏರಿಸಿ ಇಳಿಸಿದ ಶೇಕಡಾ ಲೆಕ್ಕಕ್ಕೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು. ಏರಿಸಿ ಏರಿಸಿ ಶೇಕಡಾ 20-25ರ ಹತ್ತಿರ ಹೋದರೂ ಸಾಲುವುದಿಲ್ಲ ಎಂದಾದಾಗ ಹೆಚ್ಚಿನ ಕಾರುಗಳು ಈ ಕೋಡ್ ಬರೆದು ದೀಪ ಹಚ್ಚುತ್ತವೆ.

ಅಂದರೆ ನಿಮ್ಮ ಆಕ್ಸಿಜನ್ ಸೆನ್ಸರ್ ಬಹುಶಃ ತನ್ನ ಕೆಲಸವನ್ನೇ ಮಾಡುತ್ತಿದೆ. ದೂರು ತಂದವನನ್ನೇ ಊರು ಬಿಡಿಸಿದ ಹಾಗೆ ಆಗುತ್ತದೆ ಅದನ್ನು ಬದಲಿಸಿದರೆ. ಅದು ನಿಜವಾಗಿ ಕೆಟ್ಟಿರುವುದೂ ಉಂಟು, ಇಲ್ಲ ಎನ್ನುವುದಿಲ್ಲ. ನೋಡುವುದು ಸುಲಭ. ಇಂಜಿನ್ ಬಿಸಿಯಾದ ಮೇಲೆ ಆ್ಯಪಿನಲ್ಲಿ ಮುಂದಿನ ಸೆನ್ಸರಿನ ವೋಲ್ಟೇಜ್ ಹಾಕಿಕೊಳ್ಳಿ. ಮಾಮೂಲಿ ಸೆನ್ಸರ್ ಆದರೆ 0.1ರಿಂದ 0.9 ವೋಲ್ಟಿನ ನಡುವೆ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ನಿಂತಲ್ಲೇ ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ತಕ್ಷಣ 0.8ರ ಮೇಲೆ ಜಿಗಿದರೆ ಸೆನ್ಸರ್ ಜೀವಂತವಾಗಿದೆ.

ಈಗ ನಿಮಗೆ ಬೇಕಾದ್ದು ಎರಡು ಅಂಕೆ ಮಾತ್ರ. ಬಿಸಿ ಇಂಜಿನ್, ಏಸಿ ಬಂದ್. ಆ್ಯಪಿನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಎರಡನ್ನೂ ತೆರೆಯಿರಿ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡುವಾಗ, ಒಂದು ನಿಮಿಷ ಬಿಟ್ಟು ಎರಡನ್ನೂ ಕೂಡಿಸಿ ಬರೆದಿಡಿ. ಆಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು, ಮತ್ತೆ ಕೂಡಿಸಿ ಬರೆಯಿರಿ. ಪ್ಲಸ್ 10ರ ಒಳಗಿದ್ದರೆ ಚಿಂತೆ ಇಲ್ಲ.

ಐಡ್ಲಿಂಗಿನಲ್ಲಿ 20 ದಾಟಿ, 2500ರಲ್ಲಿ ಐದಾರಕ್ಕೆ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿದೆ. ಮ್ಯಾಫ್ ದಾಟಿದ ಮೇಲೆ ಒಂದು ಪೈಪು ಬಿರಿದಿರುತ್ತದೆ. ಆ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಐಡ್ಲಿಂಗಿನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತೂ ದೊಡ್ಡದಾಗಿ ಕಾಣುತ್ತದೆ. ವೇಗ ಹೆಚ್ಚಿದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಕಾರು ನಿಂತಾಗ ಮಾತ್ರ ನಡುಗುತ್ತದೆ ಎಂದಿದ್ದೀರಿ. ಹಾಗಾಗಿ ನನ್ನ ಅನುಮಾನ ಇಲ್ಲೇ. ಮ್ಯಾಫ್ ಇಲ್ಲದೆ ಬರೀ ಮ್ಯಾಪ್ ಸೆನ್ಸರ್ (ಒಳಗಿನ ಗಾಳಿಯ ಒತ್ತಡ ಅಳೆಯುವುದು) ಇರುವ ಸಣ್ಣ ಕಾರುಗಳಲ್ಲಿ ಈ ಲೆಕ್ಕ ಹೀಗೇ ನಡೆಯುವುದಿಲ್ಲ. ಅವುಗಳಲ್ಲಿ ಗಾಳಿ ಸೋರಿದರೆ ಐಡ್ಲಿಂಗ್ ಏರುವುದೇ ಹೆಚ್ಚು. ಇದನ್ನು ಓದುವ ಬೇರೆಯವರಿಗೆ ಹೇಳಿದೆ.

ತದ್ವಿರುದ್ಧ ಆದರೆ, ಅಂದರೆ ಐಡ್ಲಿಂಗಿನಲ್ಲಿ ಸರಿ ಇದ್ದು 2500ರಲ್ಲಿ ಅಥವಾ ಏರಿನಲ್ಲಿ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಫ್ಯೂಯೆಲ್ ಫಿಲ್ಟರ್, ಪಂಪು ನೋಡಬೇಕು. ಮ್ಯಾಫ್ ಕೊಳೆಯಾಗಿ ಗಾಳಿಯನ್ನು ಕಡಿಮೆ ಅಳೆದರೂ ಹೀಗೇ ಕಾಣುತ್ತದೆ. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ನಾವೆಲ್ಲ ವರ್ಷಗಟ್ಟಲೆ ಕುಡಿದಿದ್ದೇವೆ, ಕಾರೂ ಕುಡಿದಿದೆ. ಮ್ಯಾಫಿಗೆಂದೇ ಸ್ಪ್ರೇ ಸಿಗುತ್ತದೆ. ಅದನ್ನೇ ಹೊಡೆಯಿರಿ, ಒಣಗಿದ ಮೇಲೆ ಹಾಕಿ. ಒಳಗಿನ ತಂತಿಗೆ ಬಟ್ಟೆ, ಬ್ರಷ್, ಬೆರಳು ಯಾವುದನ್ನೂ ತಾಗಿಸಬೇಡಿ.

ಗಾಳಿ ಸೋರುವ ಜಾಗ ಹುಡುಕಲು ನಾನು ಬಳಸುವುದು ತೋಟದ ಡ್ರಿಪ್ ಪೈಪಿನ ಒಂದು ಮೊಳದ ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ರಬ್ಬರ್ ಪೈಪುಗಳ ಹತ್ತಿರ. ಇಂಜಿನ್ ಓಡುತ್ತಿರುವಾಗ ಸೋರುವಲ್ಲಿ 'ಸ್ಸ್ಸ್' ಎಂದು ಚೆನ್ನಾಗಿ ಕೇಳುತ್ತದೆ. ಫ್ಯಾನ್ ಬೆಲ್ಟಿನಿಂದ ಪೈಪನ್ನೂ ಅಂಗಿಯ ತೋಳನ್ನೂ ದೂರ ಇಡಿ. ಮೊದಲು ಪಿಸಿವಿ ಪೈಪು (ಇಂಜಿನ್ನಿನ ಒಳಗಿನ ಹಬೆಯನ್ನು ವಾಪಸ್ ಗಾಳಿಯ ದಾರಿಗೆ ಒಯ್ಯುವುದು) ನೋಡಿ. ಅದರ ಬಾಗಿದ ಕಡೆ, ಅದೂ ಕೆಳಗಿನ ಬದಿಯಲ್ಲಿ ಬಿರಿಯುತ್ತದೆ, ಮೇಲಿಂದ ನೋಡಿದರೆ ಹೊಸದರ ಹಾಗೆ ಕಾಣುತ್ತದೆ. ಬೆರಳಿನಿಂದ ಮಡಚಿ ನೋಡಿ. ಬ್ರೇಕ್ ಬೂಸ್ಟರಿಗೆ ಹೋಗುವ ಪೈಪು, ಏರ್ ಫಿಲ್ಟರಿನಿಂದ ಬರುವ ಮಡಿಕೆ ಮಡಿಕೆಯ ದೊಡ್ಡ ಪೈಪು ಇವನ್ನೂ ನೋಡಿ. ಕೆಲವರು ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುತ್ತಾರೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಆ ದಾರಿ ಬೇಡ. ಕೈಗೆ ಸಿಗದಿದ್ದರೆ ಸ್ಮೋಕ್ ಟೆಸ್ಟ್ (ಪೈಪುಗಳಿಗೆ ಹೊಗೆ ಬಿಟ್ಟು ಎಲ್ಲಿ ಹೊರಬರುತ್ತದೆ ಎಂದು ನೋಡುವುದು) ಮಾಡುವ ಗ್ಯಾರೇಜಿಗೆ ಹೋಗಿ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಬರುತ್ತದೆಯೇ, ಅದನ್ನೂ ಕೇಳಿ. ಸೆನ್ಸರಿಗಿಂತ ಮುಂಚೆಯೇ ಎಗ್ಸಾಸ್ಟ್ ಸೋರಿದರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರಿಗೇ ಮೋಸ ಆಗುತ್ತದೆ.

ಕರಾವಳಿಯವರಿಗೆ ಇನ್ನೊಂದು ವಿಷಯ: ಕನೆಕ್ಟರುಗಳು. ಹೋದ ಮೇ ತಿಂಗಳಲ್ಲಿ ನಮ್ಮ ಪಕ್ಕದ ಮನೆಯವರ ಕಾರಿಗೆ ಪಿ0113 ಬಂತು. ಒಳಗೆ ಹೋಗುವ ಗಾಳಿಯ ಉಷ್ಣತೆ ಹೇಳುವ ಸೆನ್ಸರಿನ ಕೋಡ್ ಅದು. ನಾನು ಲೈವ್ ಡೇಟಾ ತೆರೆದೆ. ಕಾರವಾರದ ಮೇ ತಿಂಗಳು, ಮಧ್ಯಾಹ್ನ, ಇಬ್ಬರೂ ಬೆವರಿನಲ್ಲಿ ಮಿಂದು ನಿಂತಿದ್ದೇವೆ, ಪರದೆಯ ಮೇಲೆ ಮೈನಸ್ 40 ಡಿಗ್ರಿ! ತಂತಿ ಕಡಿದರೆ ಅಥವಾ ಕನೆಕ್ಷನ್ ತಪ್ಪಿದರೆ ಹೆಚ್ಚಾಗಿ ಬರುವ ಅಂಕೆಯೇ ಅದು. ಕನೆಕ್ಟರ್ ಕಿತ್ತು ಅದರ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಕೂಡಿಸಿದೆ. ವೈರಿಂಗ್ ಸರಿ ಇದ್ದಿದ್ದರೆ ಅಂಕೆ ನೂರರ ಮೇಲೆ ಹಾರಬೇಕಿತ್ತು, ಆಗ ತಪ್ಪು ಸೆನ್ಸರಿನದು ಎನ್ನಬಹುದಿತ್ತು. ಅಲ್ಲಾಡಲೇ ಇಲ್ಲ. ಕನೆಕ್ಟರ್ ಒಳಗೆ ಬೆಳಕು ಬಿಟ್ಟು ನೋಡಿದರೆ ಹಸಿರು ಕಿಲುಬು. ಉಪ್ಪುಗಾಳಿಯ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸೂಜಿಯಿಂದ ಕೆರೆದು ಹಾಕಿದ ಮೇಲೆ 38 ಡಿಗ್ರಿ ತೋರಿಸಿತು. ಅವರು ಆಗಲೇ ಸೆನ್ಸರ್ ಆರ್ಡರ್ ಮಾಡಿಬಿಟ್ಟಿದ್ದರು, ಅದು ಈಗಲೂ ಅವರ ಟಿವಿ ಸ್ಟ್ಯಾಂಡಿನ ಮೇಲಿದೆ. ನೀವೂ ಮ್ಯಾಫಿನ ಕನೆಕ್ಟರ್ ಒಮ್ಮೆ ಕಿತ್ತು ನೋಡಿ. ಇಂಜಿನ್ ಬಂದ್ ಮಾಡಿ ಕೀಳಬೇಕು, ಇಲ್ಲದಿದ್ದರೆ ಹೊಸ ಕೋಡ್ ನೀವೇ ಹುಟ್ಟಿಸಿದ ಹಾಗೆ.

ಅಳಿಸುವ ವಿಷಯಕ್ಕೆ ಬೈಯಬೇಕು ಅನಿಸಿತು, ಬೈಯುವುದಿಲ್ಲ, ನಾನೂ ಅದನ್ನೇ ಮಾಡಿದವನು. ಕೋಡ್ ಅಳಿಸಿದರೆ ಅದರ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟು, ಇಂಜಿನ್ ಎಷ್ಟು ಬಿಸಿ, ಟ್ರಿಮ್ ಎಷ್ಟು, ಎಲ್ಲ ಅದರಲ್ಲಿರುತ್ತದೆ. ನಿಮ್ಮದು ಮತ್ತೆ ಬಂದಿದೆಯಲ್ಲ, ಈ ಸಲದ್ದು ಇನ್ನೂ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಡಿ. ವೇಗ ಸೊನ್ನೆ, ಆರ್‌ಪಿಎಂ 750ರ ಸುತ್ತ ಇದ್ದರೆ ಪೈಪಿನ ಅನುಮಾನ ಗಟ್ಟಿ. ಈ ಜಾತಿಯ ಕೋಡಿಗೆ ಹೆಚ್ಚಾಗಿ ಎರಡು ಡ್ರೈವಿನಲ್ಲಿ ದೋಷ ಕಂಡ ಮೇಲೆ ದೀಪ ಹತ್ತುತ್ತದೆ. ಮೂರು ದಿನ ಸುಮ್ಮನಿತ್ತು, ಹಾಗಾಗಿ ವಾಸಿಯಾಗಿತ್ತು ಎಂದುಕೊಳ್ಳಬೇಡಿ. ನಿಜವಾಗಿ ಸರಿಯಾದರೆ ಸಾಮಾನ್ಯವಾಗಿ ಮೂರು ಡ್ರೈವ್ ತೊಂದರೆ ಇಲ್ಲದೆ ಕಳೆದ ಮೇಲೆ ದೀಪ ತಾನೇ ಆರುತ್ತದೆ.

ಸ್ಕ್ಯಾನರ್ ಯಾವುದು ಒಳ್ಳೆಯದು ಎಂದೂ ಕೇಳಿದ್ದೀರಿ. ಇರುವುದೇ ಸಾಕು. ನಮ್ಮಲ್ಲಿ 2013ರ ಏಪ್ರಿಲ್ ನಂತರದ ಬಿಎಸ್-4 ಕಾರುಗಳಿಗೆ ಓಬಿಡಿ-2 ಎಂಬ ದೋಷ ಗುರುತಿಸುವ ವ್ಯವಸ್ಥೆ ಕಡ್ಡಾಯ, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ ಅದೇ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಇಎಲ್ಎಂ327 ಚಿಪ್ಪಿನ ನಕಲುಗಳು. ಇಂಜಿನ್ ಕೋಡ್ ಓದಲು ತೊಂದರೆ ಇಲ್ಲ, ಏರ್‌ಬ್ಯಾಗ್, ಎಬಿಎಸ್ ಓದುತ್ತವೆ ಎಂದು ನಂಬಬೇಡಿ. ರಾತ್ರಿ ಕಿತ್ತಿಡಿ. ಆ ಸಾಕೆಟ್ಟಿಗೆ ಬ್ಯಾಟರಿಯಿಂದ ಸದಾ ಕರೆಂಟು ಬರುತ್ತಿರುತ್ತದೆ, ಕೀಲಿ ತೆಗೆದರೂ ಸ್ಕ್ಯಾನರ್ ಬ್ಯಾಟರಿ ಕುಡಿಯುತ್ತದೆ.

ಇನ್ನು ಬುಧವಾರದ ಷರತ್ತು. ದೀಪ ಸುಮ್ನೆ ಉರಿಯುತ್ತಿದ್ದು, ಎಳೆತ ಸರಿ ಇದ್ದು, ಟೆಂಪರೇಚರ್ ಮುಳ್ಳು ಇದ್ದಲ್ಲೇ ಇದ್ದರೆ ಹೋಗಿ. ಆದರೆ ಮಂಗಳವಾರದೊಳಗೆ ಆ ಎರಡು ಅಂಕೆ ನೋಡಿರಬೇಕು. 2500ರಲ್ಲಿ ಅಥವಾ ಏರಿನಲ್ಲಿ ಟ್ರಿಮ್ ಹೆಚ್ಚುತ್ತಿದೆ ಎಂದು ಕಂಡರೆ ಅರಬೈಲ್ ಹತ್ತಬೇಡಿ, ಬಸ್ಸಿಗೆ ಹೋಗಿ. ಲಾರಿಗಳ ಸಾಲಿನ ಮಧ್ಯೆ ತಿರುವಿನಲ್ಲಿ ಪೆಟ್ರೋಲ್ ಸಾಲದೆ ಗಾಡಿ ನಿಂತರೆ ಹಿಂದಿನವರ ಬೈಗುಳವೇ ಸಾಕಾಗುತ್ತದೆ.

ದಾರಿಯಲ್ಲಿ ದೀಪ ಮಿಣುಕಲು ಶುರುವಾದರೆ ಕಾಲು ತೆಗೆದು, ಜಾಗ ನೋಡಿ ನಿಲ್ಲಿಸಿಬಿಡಿ. ಸಿಲಿಂಡರ್ ಸರಿಯಾಗಿ ಸಿಡಿಯುತ್ತಿಲ್ಲ ಎಂದು ಅರ್ಥ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತದೆ. ಅದರ ಬೆಲೆ ಮುಂದೆ ನನ್ನ ಸೆನ್ಸರ್ ದಂಡ ಏನೂ ಅಲ್ಲ. ಜುಲೈ ಮಳೆಯಲ್ಲಿ ದೇವಿಮನೆಯಲ್ಲಿ ನನಗೆ ಹೀಗಾಗಿತ್ತು, ಪಿ0302, ಎರಡನೇ ಸಿಲಿಂಡರ್. ಟೋ ಮಾಡಿಸಿ ಕುಮಟೆಗೆ ತಂದು ಎರಡರ ಕಾಯಿಲ್ (ಕಿಡಿ ಹಚ್ಚಲು ಕರೆಂಟು ಕೊಡುವುದು) ನಾಲ್ಕಕ್ಕೆ, ನಾಲ್ಕರದ್ದು ಎರಡಕ್ಕೆ ಹಾಕಿ ನೋಡಿದೆವು. ಕೋಡ್ ಪಿ0304 ಆಯಿತು. ಕಾಯಿಲ್ ಜೊತೆಗೇ ದೋಷವೂ ಹೋಯಿತಲ್ಲ, ಒಂದು ಕಾಯಿಲ್ ಮಾತ್ರ ಬದಲಿಸಿದರೆ ಸಾಕಾಯಿತು.

ಎರಡು ಅಂಕೆ ಮತ್ತು ಫ್ರೀಜ್ ಫ್ರೇಮ್ ಸಿಕ್ಕಿದ ಮೇಲೆ ಇಲ್ಲೇ ಕೆಳಗೆ ಹಾಕಿ. ಮಂಗಳವಾರ ಸಂಜೆ ಏಳರ ನಂತರ ನೋಡುತ್ತೇನೆ.