ಅಮೆರಿಕಾದ ಗಾಜಿನ ಬಿಲ್ಡಿಂಗು, ಕಲಬುರಗಿ ಬಿಸಲು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸೇಡಂ ರೋಡ್ ಕಡೆ ನಮ್ಮ ಪ್ಲಾಟಿನ್ಯಾಗ ಕೆಳಗ ಅಂಗಡಿ, ಮ್ಯಾಲ ಎರಡು ಫ್ಲೋರ್ ಆಫೀಸು ಕಟ್ಟಸಬೇಕಂತ ಮಾಡೀವಿ. ಮುಂದಿನ ಮಾರಿ ಪಶ್ಚಿಮಕ್ಕ ಅದ. ಎಲಿವೇಶನ್ ಪೂರಾ ಗಾಜಿಂದು ಮಾಡ್ರಿ, ಅಮೆರಿಕಾ ಸ್ಟೈಲ್ ಕಾಣ್ತದ ಅಂತ ಇಂಜಿನಿಯರ್ ಸಾಹೇಬ್ರು ಹೇಳ್ತಾರ. ಮಾಡಬಹುದೇನ್ರಿ? (ಕಲಬುರಗಿಯ ಓದುಗರು)

ಉತ್ತರ: ಬ್ಯಾಡ್ರಿ. ಪಶ್ಚಿಮಕ್ಕ ಮಾರಿ ಇದ್ದ ಬಿಲ್ಡಿಂಗಿಗೆ ನಮ್ಮೂರಾಗ ಪೂರಾ ಗಾಜು ಹಾಕಿಸಿದ್ರ ಏಪ್ರಿಲ್ ಮೇದಾಗ ಬಾಡಿಗಿದಾರರು ಒಳಗ ಕೂಡಂಗಿಲ್ಲ, ಕೂತ್ರೂ ಕರೆಂಟ್ ಬಿಲ್ ನೋಡಿ ಖಾಲಿ ಮಾಡ್ತಾರ.

ಇದು ಅಮೆರಿಕಾ ಸ್ಟೈಲ್ ಅನ್ನೋದು ಖರೆನೇ ಅದ, ಆದ್ರ ಅಲ್ಲಿ ಅದು ಯಾಕ ನಡೀತು ಅಂತ ತಿಳ್ಕೋಬೇಕು. ಜರ್ಮನಿಯಿಂದ ಶಿಕಾಗೋಕ್ಕ ಹೋದ ಮೀಸ್ ವಾನ್ ಡೆರ್ ರೋಹೆ ಅನ್ನೋ ಆರ್ಕಿಟೆಕ್ಟ್ 1958ರಾಗ ನ್ಯೂಯಾರ್ಕಿನ್ಯಾಗ 38 ಅಂತಸ್ತಿನ ಸೀಗ್ರಾಮ್ ಬಿಲ್ಡಿಂಗ್ ಮುಗಿಸಿದ, ಕಂಚು ಮತ್ತ ಗಾಜಿಂದು, ಭಾಳ ಚಂದ ಅದ. ಅದನ್ನ ನೋಡಿ ಮುಂದ ಇಪ್ಪತ್ತು ವರ್ಷ ಅಮೆರಿಕಾದ ಊರೂರಾಗ ಗಾಜಿನ ಡಬ್ಬಿ ಎದ್ದವು, ಯಾಕಂದ್ರ ಭಾರ ಎಲ್ಲಾ ಒಳಗಿನ ಸ್ಟೀಲ್ ಫ್ರೇಮ್ ಹೊರತದ, ಗ್ವಾಡಿ ಕಟ್ಟೋ ಕೆಲಸ ಇಲ್ಲ, ಹೊರಗಿಂದ ಗಾಜು ತೂಗುಹಾಕಿದ್ರ ಆಯ್ತು, ಕಿಡಕಿ ತೆಗಿಲಿಕ್ಕ ಬರಂಗಿಲ್ಲ, ಹಗಲೂ ರಾತ್ರಿ ಏಸಿ ನಡೀಬೇಕು, ಮತ್ತ ಆಗ ಅಲ್ಲಿ ಎಣ್ಣಿ ಕರೆಂಟು ಎರಡೂ ಸೋವಿ ಇದ್ದವು.

1973ರ ಅಕ್ಟೋಬರ್‌ದಾಗ ಅರಬ್ ದೇಶದವರು ಎಣ್ಣಿ ಕೊಡೋದು ನಿಲ್ಲಿಸಿದ್ರು, ಕೆಲವೇ ತಿಂಗಳಾಗ ರೇಟು ಹೆಚ್ಚುಕಡಿಮಿ ನಾಕು ಪಟ್ಟು ಆಯ್ತು. ಆವಾಗಿಂದ ಅವರೂ ಹುಷಾರಾದ್ರು. ಎರಡು ಗಾಜಿನ ನಡುವ ಸಂದಿ ಬಿಡೋದು, ಬಿಸಲು ತಿರುಗಿಸೋ ಕೋಟಿಂಗ್ ಹಚ್ಚೋದು ಎಲ್ಲಾ ಕಡೆ ಶುರುವಾಯ್ತು. ಆ ಗಾಜೂ ಸಸಾರ ಅಲ್ಲ. ಬೋಸ್ಟನ್ನಿನ 60 ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಟವರಿಗೆ ಎಣ್ಣಿ ನಿಲ್ಲೋಕ್ಕಿಂತ ಮೊದಲೇ ಅಂಥದ್ದೇ ಡಬಲ್ ಗಾಜು ಹಾಕಿದ್ರು, ಒಂದೊಂದು 200 ಕಿಲೋಗಿಂತ ಹೆಚ್ಚು ತೂಕ, 1973ರ ಜನವರಿ ಚಳಿಗಾಲದ ಗಾಳಿಗೆ ಒಡದು ಕೆಳಗ ಬೀಳ್ಳಿಕ್ಕ ಹತ್ತಿದವು. ಎರಡು ಗಾಜು ಜೋಡ್ಸಿದ ಸೀಸದ ಅಂಚು ಭಾಳ ಬಿಗಿ ಆಗಿ, ಬಿಸಿಲಿಗೆ ಗಾಳಿಗೆ ಸ್ವಲ್ಪೂ ಅಲುಗಾಡಲಾರದ ಗಾಜೇ ಸೀಳತಿತ್ತು. ಬಿದ್ದ ಜಾಗಕ್ಕ ಪ್ಲೈವುಡ್ ಬಡದು, ಕಡೀಕ ಹತ್ತು ಸಾವಿರಕ್ಕಿಂತ ಹೆಚ್ಚು ಗಾಜು ಎಲ್ಲಾ ಬದಲಿ ಮಾಡಬೇಕಾಯ್ತು.

ಈಗ ನಿಮ್ಮ ಬಿಲ್ಡಿಂಗಿಗೆ ಬರ್ತೀನಿ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದಾಗ ಅದ, ಮೇ ತಿಂಗಳ ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲೇ ಇರ್ತಾನ, ಆವಾಗ ಎರಡು ಫೂಟಿನ ಸಜ್ಜಾ ಇದ್ರೂ ಕಿಡಕಿಗೆ ನೆರಳು ಬೀಳ್ತದ. ಮೂರು ಗಂಟೆ ಮ್ಯಾಲ ಪಶ್ಚಿಮದ ಬಿಸಲು ಅಡ್ಡ ಬರ್ತದ ನೋಡ್ರಿ, ಅದಕ್ಕ ಸಜ್ಜಾ ಏನೂ ಮಾಡಂಗಿಲ್ಲ, ಸಜ್ಜಾದ ಕೆಳಗಿಂದ ಸೀದಾ ಒಳಗ. ಅದಕ್ಕ ಮೆಟ್ಟಲು, ಬಾತ್‌ರೂಮ್, ಸ್ಟೋರ್ ರೂಮ್ ಪಶ್ಚಿಮದ ಕಡೆ ತಳ್ರಿ, ಕೂಡೋ ಜಾಗ ಹಿಂದಕ್ಕ ತಗೋರಿ. ಅಂಗಡಿ ಶೆಟರ್ ಒಂದು ಆರೇಳು ಫೂಟ್ ಒಳಗ ಸರಿಸಿ ಮುಂದ ಪಡಸಾಲಿ ಬಿಡ್ರಿ, ಗಿರಾಕಿ ನಿಲ್ಲಲಿಕ್ಕೂ ನೆರಳಾಗ್ತದ. ಮ್ಯಾಲಿನ ಎರಡು ಫ್ಲೋರಿಗೆ ಕಿಡಕಿಯಿಂದ ಒಂದೂವರಿ ಎರಡು ಫೂಟ್ ಮುಂದ ಇಟ್ಟಂಗಿ ಜಾಳಿ ಅಥವಾ ಸಿಮೆಂಟ್ ಜಾಳಿ ಕಟ್ಟಸ್ರಿ. ಗಾಜು ಬೇಕೇ ಬೇಕಂದ್ರ ಉತ್ತರದ ಕಡೆ ಹಾಕ್ರಿ.

ಅಮೆರಿಕಾ ಸ್ಟೈಲೇ ಬೇಕಂತ ಇಂಜಿನಿಯರ್ ಹಟ ಹಿಡದ್ರ ದಿಲ್ಲಿದಾಗಿನ ಅಮೆರಿಕಾ ರಾಯಭಾರ ಕಚೇರಿ ಫೋಟೋ ತೋರಸ್ರಿ. ಎಡ್ವರ್ಡ್ ಡುರೆಲ್ ಸ್ಟೋನ್ ಅನ್ನೋ ಅಮೆರಿಕಾದವನೇ ಡಿಸೈನ್ ಮಾಡಿದ್ದು, 1959ರಾಗ ಉದ್ಘಾಟನೆ ಆಗಿದ್ದು. ನಮ್ಮ ದೇಶದ ಬಿಸಲಿಗೆ ಅವನು ಬಿಲ್ಡಿಂಗ್ ಸುತ್ತ ಜಾಳಿನೇ ಕಟ್ಟ್ಯಾನ.

ಪ್ರಶ್ನೆ: ಪೋಸ್ಟ್‌ಮಾಡರ್ನ್ ಆರ್ಕಿಟೆಕ್ಚರ್ ಅಂದ್ರ ಸರಳ ಮಾತಿನ್ಯಾಗ ಏನ್ರಿ? ನಮ್ಮ ಗವಾನ್ ಮದರಸಾದ ಹಂಗ ಬಣ್ಣ, ಕಮಾನು ಹಾಕೋದೇ ಏನು? (ಬೀದರ್, ವಿದ್ಯಾರ್ಥಿನಿ)

ಉತ್ತರ: ಒಳ್ಳೆ ಪ್ರಶ್ನೆ ಕೇಳಿದಿ ತಂಗಿ. ಮಾಡರ್ನ್ ಅನ್ನಿಸಿಕೊಂಡ ಮೀಸ್ ಮತ್ತ ಅವನ ಕಡೆಯವರು ಬಿಲ್ಡಿಂಗಿಗೆ ಅಲಂಕಾರ ಬ್ಯಾಡ, ಕಡಿಮಿ ಇದ್ದಷ್ಟೂ ಹೆಚ್ಚು ಅಂತಿದ್ರು. ಫಿಲಡೆಲ್ಫಿಯಾದ ರಾಬರ್ಟ್ ವೆಂಚುರಿ ಅದಕ್ಕ ಎದುರು ನಿಂತು ಕಡಿಮಿ ಅಂದ್ರ ಬ್ಯಾಸರಾ ಅಂದ. 1964ರಾಗ ಅವ್ವನ ಸಲುವಾಗಿ ಒಂದು ಸಣ್ಣ ಮನಿ ಕಟ್ಟಿದ, ಮುಂದ ದೊಡ್ಡ ಇಳಿಜಾರಿನ ಮಾಡು, ನಟ್ಟನಡುವ ಅದನ್ನ ಸೀಳಿ ಬಿಟ್ಟಾನ, ಬಾಗಲಾ ಮ್ಯಾಲ ಏನೂ ಭಾರ ಹೊರಲಾರದ ಒಂದು ತೆಳ್ಳನ ಕಮಾನಿನ ಗೆರಿ. ಹಿಂಗ ಅಲಂಕಾರ, ಹಳೆ ಕಾಲದ ಆಕಾರ ಮತ್ತ ತರೋದೇ ಪೋಸ್ಟ್‌ಮಾಡರ್ನ್, ಅಲ್ಲಿಂದ ಈ ಗಾಳಿ ಬೀಸ್ತು.

ಅದೇ ಹೊತ್ತಿಗೆ ಜನರಿಗೂ ಮಾಡರ್ನ್ ಮ್ಯಾಲಿನ ನಂಬಿಕಿ ಹೋಗಿತ್ತು. ಸೇಂಟ್ ಲೂಯಿಸ್‌ದಾಗ ಬಡವರಿಗಂತ ಕಟ್ಟಿದ ಪ್ರುಯಿಟ್ ಐಗೋ ಅನ್ನೋ 33 ಬಿಲ್ಡಿಂಗು, ಎಲ್ಲಾ 11 ಅಂತಸ್ತು, 1972ರಾಗ ಸ್ಫೋಟಕ ಇಟ್ಟು ಬೀಳಸಲಿಕ್ಕ ಶುರು ಮಾಡಿದ್ರು. ಭಾಳ ಮಂದಿ ತಪ್ಪೆಲ್ಲಾ ಡಿಸೈನ್ ಮ್ಯಾಲೇ ಹಾಕ್ತಾರ, ನಾ ಅದನ್ನ ಒಪ್ಪಂಗಿಲ್ಲ. ರಿಪೇರಿಗೆ ರೊಕ್ಕ ಇರಲಿಲ್ಲ, ಊರಾಗ ಕೆಲಸ ಇಲ್ಲದಂಗ ಆಗಿತ್ತು, ಕರಿಯರನ್ನ ಬ್ಯಾರೆ ಇಡೋ ಪದ್ಧತಿ ಬ್ಯಾರೆ. ಇದನ್ನ ಉತ್ತರಪತ್ರಿಕೆದಾಗ ಬರಿ.

1984ರಾಗ ಫಿಲಿಪ್ ಜಾನ್ಸನ್ ನ್ಯೂಯಾರ್ಕಿನ್ಯಾಗ ಎಟಿ ಅಂಡ್ ಟಿ ಕಂಪನಿಗೆ 37 ಅಂತಸ್ತು ಕಟ್ಟಿ, ನೆತ್ತಿ ಮ್ಯಾಲ ತ್ರಿಕೋನ ಕೂಡಿಸಿ ಅದರ ತುದಿಗೆ ದುಂಡಗೆ ಕೊರದ, ಹಳೆ ಕಾಲದ ಮರದ ಬೀರುವಿನ ತಲಿ ಹಂಗ ಅದ ಅಂತ ಜನ ಮಾತಾಡಿದ್ದೇ ಮಾತಾಡಿದ್ದು. ಹೊರಗ ಗುಲಾಬಿ ಗ್ರಾನೈಟ್ ಬರೇ ಅಲಂಕಾರಕ್ಕ, ಭಾರ ಹೊರೋದು ಒಳಗಿನ ಸ್ಟೀಲ್ ಫ್ರೇಮ್. ನಿಮ್ಮ ಮದರಸಾಕ್ಕೂ ಇದಕ್ಕೂ ಇಲ್ಲೇ ಫರಕು. 1472ರ ಆ ಕಟ್ಟಡದ ಬಣ್ಣದ ಹಂಚೂ ಮೇಲ್ಗಡೆ ಹಚ್ಚಿದ್ದೇ, ಆದ್ರ ಕಮಾನು ಖರೇನೇ ಭಾರ ಹೊತ್ತು ನಿಂತದ. ಒಂದಿನ ಹೋಗಿ ಉಳದ ಮಿನಾರಿನ ಹತ್ರ ನಿಂತು ಹಂಚು ಎಲ್ಲಿ ಮುಗೀತದ, ಕಲ್ಲು ಎಲ್ಲಿ ಶುರುವಾಗ್ತದ ನೋಡು, ಸ್ಕೆಚ್ ಮಾಡು.

ಪ್ರಶ್ನೆ: ಶಿಕಾಗೋದ ಸಿಯರ್ಸ್ ಟವರ್ ಕಟ್ಟಿದವರು ನಮ್ಮ ಕಡೆಯವರಂತ, ಖರೆ ಏನ್ರಿ? (ಯಾದಗಿರಿ)

ಉತ್ತರ: ಢಾಕಾದಾಗ 1929ರಾಗ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಅದರ ಸ್ಟ್ರಕ್ಚರಲ್ ಇಂಜಿನಿಯರ್. ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ. 75 ಫೂಟ್ ಅಗಲದ ಒಂಬತ್ತು ಚೌಕ ಕೊಳವಿ ಜ್ವಾಳದ ಸೂಡು ಕಟ್ಟಿದಂಗ ಒಂದಕ್ಕೊಂದು ಬಿಗದು ನಿಲ್ಲಸ್ಯಾರ, ಅದಕ್ಕೇ ಗಾಳಿಗೆ ಜಗ್ಗಂಗಿಲ್ಲ. ಕೊಳವಿ ಬ್ಯಾರೆ ಬ್ಯಾರೆ ಎತ್ತರಕ್ಕ ನಿಲ್ತಾವ, ಎರಡೇ ಕಡೀತನಾ ಹೋಗ್ತಾವ. 110 ಅಂತಸ್ತು, 442 ಮೀಟರು, 1974ರಿಂದ 1998ರ ತನಕ ಜಗತ್ತಿನ್ಯಾಗ ಅದೇ ಎತ್ತರ. ಈಗ ಹೆಸರು ವಿಲ್ಲಿಸ್ ಟವರ್.

ಪ್ರಶ್ನೆ: ಪತ್ರಾಸ್ ಮನಿನೂ ಆರ್ಕಿಟೆಕ್ಚರ್ ಅಂತಾರೇನ್ರಿ? (ಶಹಾಬಾದ್)

ಉತ್ತರ: ಅಂತಾರ್ರಿ. ಫ್ರಾಂಕ್ ಗೆಹ್ರಿ ಅನ್ನೋ ಆರ್ಕಿಟೆಕ್ಟ್ 1978ರಾಗ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಾಗ ಒಂದು ಹಳೆ ಮನಿ ತಗೊಂಡು, ಅದರ ಸುತ್ತ ಪತ್ರಾಸು, ಪ್ಲೈವುಡ್ಡು, ಕಂಪೌಂಡಿಗೆ ಹಾಕೋ ತಂತಿ ಜಾಳಿ ಹಚ್ಚಿದ. ಓಣಿ ಮಂದಿ ಸಿಟ್ಟಿಗೆದ್ರು. ಇವತ್ತು ಆರ್ಕಿಟೆಕ್ಚರ್ ಓದೋರು ಆ ಮನಿ ನೋಡ್ಲಿಕ್ಕ ಹೋಗ್ತಾರ. ಆದ್ರ ಅದು ಸಮುದ್ರದ ದಂಡಿ ಊರು, ಶಹಾಬಾದಿನ ಬಿಸಲು ಅಲ್ಲಿಲ್ಲ. ನೀವು ಪತ್ರಾಸ್ ಹಾಕೋದಿದ್ರ ಕೆಳಗ ಗಾಳಿ ಆಡೋ ಹಂಗ ಒಂದು ಫೂಟ್ ಸಂದಿ ಬಿಟ್ಟು ಬಿದಿರಿನ ಚಾಪಿದೋ ಪ್ಲೈದೋ ಸೀಲಿಂಗ್ ಮಾಡಸ್ರಿ, ಮ್ಯಾಲ ಬಿಳಿ ಬಣ್ಣ ಹೊಡಸ್ರಿ, ಗ್ವಾಡಿಗೆ ನಿಮ್ಮೂರಿನ ಕಲ್ಲೇ ಇರಲಿ.