ಹತ್ತಿರದ ಮದುವೆಯೇ ರೋಗ ಹುಟ್ಟಿಸುತ್ತದಾ?

ಚಿಕ್ಕ ದ್ವೀಪಗಳಲ್ಲಿ ಸಂಬಂಧದೊಳಗೇ ಮದುವೆಯಾಗಿ ಹೊಸ ರೋಗ ಹುಟ್ಟುತ್ತವಾ ಅಂತ ಕೇಳಿದ್ದೀರಿ. ಇಲ್ಲ. ಮೊದಲೇ ಅಡಗಿ ಕೂತಿದ್ದ ಕೆಟ್ಟ ಜೀನ್‌ನ ಎರಡು ಪ್ರತಿಗಳು ಒಂದೇ ಮಗುವಿಗೆ ಸಿಗುವ ಸಾಧ್ಯತೆ ಜಾಸ್ತಿಯಾಗುತ್ತದೆ, ಅಷ್ಟೇ.

ಪೆಸಿಫಿಕ್ ಸಾಗರದ ಮೈಕ್ರೋನೇಷಿಯಾದ ಪಿಂಗೆಲಾಪ್ ದ್ವೀಪವನ್ನೇ ನೋಡಿ. 1775ರ ಸುಮಾರಿಗೆ ಭಾರಿ ಚಂಡಮಾರುತ, ಅದರ ಬೆನ್ನಿಗೇ ಹಸಿವು. ಬದುಕಿ ಉಳಿದವರು ಸುಮಾರು 20 ಜನ. ಅವರಲ್ಲಿ ದ್ವೀಪದ ಅರಸನೂ ಒಬ್ಬ. ಪೂರ್ಣ ಬಣ್ಣಗುರುಡಿನ, ಅಂದರೆ ಯಾವ ಬಣ್ಣವೂ ಕಾಣದ ತೊಂದರೆಯ, ಜೀನ್‌ನ ಒಂದು ಪ್ರತಿ ಅವನಲ್ಲಿತ್ತು ಎಂದು ನಂಬುತ್ತಾರೆ. ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ. ಅವನ ಪೀಳಿಗೆಯವರು ತಮ್ಮತಮ್ಮಲ್ಲೇ ಮದುವೆಯಾಗುತ್ತಾ ಹೋದಂತೆ ಅದು ಹೊರಬಿತ್ತು. ಬೇರೆ ಕಡೆ ಸುಮಾರು 30,000 ಜನರಲ್ಲಿ ಒಬ್ಬರಿಗಿರುವ ಈ ತೊಂದರೆ, ಅಲ್ಲಿ 100ಕ್ಕೆ 5ರಿಂದ 10 ಜನರಿಗಿದೆ. ಬಿಸಿಲಲ್ಲಿ ಅವರಿಗೆ ಕಣ್ಣು ಬಿಡಲಾಗುವುದಿಲ್ಲ, ರೆಪ್ಪೆ ಪಟಪಟ ಬಡಿಯುತ್ತಲೇ ಇರುತ್ತದೆ. ಮುಸ್ಸಂಜೆಯಾದರೆ ನಿರಾಳ.

ದೂರದವರನ್ನು ಮದುವೆಯಾದರೆ ಸಾಕಲ್ವಾ ಅಂದಿರಿ. ಆದರೆ ಅಲ್ಲಿ ದೂರದವರು ಅಂತ ಯಾರಿದ್ದಾರೆ? ಹೆಚ್ಚುಕಡಿಮೆ ಎಲ್ಲರ ವಂಶವೂ ಆ 20 ಜನರಿಗೇ ಹೋಗಿ ಮುಟ್ಟುತ್ತದೆ. ಹೊರಗಿನ ಸಂಗಾತಿ ಬಂದರೆ ಮಕ್ಕಳು ಬಹುತೇಕ ಪಾರಾಗುತ್ತಾರೆ. ಜೀನ್ ಮಾತ್ರ ಅಳಿಯುವುದಿಲ್ಲ, ಸುಮ್ನೆ ಅಡಗಿಕೊಂಡೇ ಮುಂದಿನ ತಲೆಮಾರಿಗೂ ಸಾಗಬಹುದು.